ಹತ್ತು ನಿಮಿಷ, ಸಾವಿರ ಗಂಟೆ

ಎರಡು ಬಗೆಯ ಜನರಿಂದ ನಮ್ಮನ್ನು ದೇವರೇ ಕಾಪಾಡಬೇಕು. ಒಬ್ಬ, ಹತ್ತು ನಿಮಿಷದಲ್ಲಿ ವಿಡಿಯೊ ಗೇಮ್ ಬರೆದೆ ಎನ್ನುವ ಪ್ರಾಂಪ್ಟ್ ಪಂಡಿತ. ಇನ್ನೊಬ್ಬ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎನ್ನುವ ಅಸೆಂಬ್ಲಿ ಅಜ್ಜ. ಅಸೆಂಬ್ಲಿ ಎಂದರೆ ವಿಧಾನಸೌಧದ್ದಲ್ಲ, ಯಂತ್ರಕ್ಕೆ ಒಂದೊಂದೇ ಆದೇಶ ಕೊಡುವ ಪ್ರೋಗ್ರಾಮಿಂಗ್ ಭಾಷೆ. ಈ ಅಸೆಂಬ್ಲಿಯಲ್ಲಿ ಹೊರಡಿಸಿದ ಆದೇಶ ಪ್ರತಿಯೊಂದೂ ಜಾರಿಯಾಗುತ್ತದೆ. ಇಬ್ಬರೂ ಒಂದೇ ಮೇಜಿಗೆ ಸಿಕ್ಕರೆ ಕಾಫಿ ಆರುತ್ತದೆ, ವಾದ ಆರುವುದಿಲ್ಲ. ವಾದ ಇಷ್ಟೇ: ಹಳೇ ಕಾಲದ ಆಟವನ್ನು ಮನುಷ್ಯ ಕೂತು ಬರೆಯುವುದು ಮೇಲೋ, ಎಐ ಕೈಲಿ ಬರೆಸುವುದು ಮೇಲೋ?

"ಪಿಟ್‌ಫಾಲ್ ಥರದ್ದು ಒಂದು ಬೇಕು ಅಂದೆ ಸಾರ್. ಕಾಡು, ಮೊಸಳೆ, ಜೋತಾಡೋ ಬಳ್ಳಿ, ಎಲ್ಲಾ ಬಂತು" ಅನ್ನುತ್ತಾನೆ ಪಂಡಿತ.

"ನೂರಿಪ್ಪತ್ತೆಂಟು ಬೈಟಲ್ಲಿ ಓಡುತ್ತೇನೋ ಅದು?" ಅನ್ನುತ್ತಾನೆ ಅಜ್ಜ.

"ಬೈಟಲ್ಲಿ ಯಾಕೆ ಓಡಬೇಕು ಸಾರ್? ಬ್ರೌಸರಲ್ಲಿ ಓಡುತ್ತೆ."

ಇಲ್ಲಿಗೆ ಅಜ್ಜನಿಗೆ ಬಿಪಿ ಮಾತ್ರೆ ಬೇಕಾಗುತ್ತದೆ.

ಅಜ್ಜ ಹೇಳುವ ನೂರಿಪ್ಪತ್ತೆಂಟು ಬೈಟಿನ ಕಥೆ ಮಾತ್ರ ಸುಳ್ಳಲ್ಲ. 1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಟೀವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅಟಾರಿ 2600 ಎಂದು ಹೆಸರಾದ ಆ ಪೆಟ್ಟಿಗೆಯೊಳಗಿನ ಕೆಲಸದ ಮೆಮೊರಿ ಒಟ್ಟು 128 ಬೈಟ್. ಎಷ್ಟು ಕಡಿಮೆ ಎಂದು ನಮ್ಮ ಲೆಕ್ಕದಲ್ಲೇ ನೋಡೋಣ. ಇವತ್ತಿನ ಕಂಪ್ಯೂಟರು ಸಾಮಾನ್ಯವಾಗಿ ಕನ್ನಡದ ಒಂದು ವ್ಯಂಜನಕ್ಕೆ 3 ಬೈಟ್, ಅದರ ಕಾಗುಣಿತದ ಚಿಹ್ನೆಗೆ 3 ಬೈಟ್, ಒತ್ತಕ್ಷರ ಬಂದರೆ ಇನ್ನೂ 6 ಬೈಟ್ ತೆಗೆದುಕೊಳ್ಳುತ್ತದೆ. 'ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ' ಎನ್ನುವಷ್ಟಕ್ಕೇ 116 ಬೈಟ್ ಖರ್ಚು. ಉಳಿದ 12ರಲ್ಲಿ 'ನಮಸ್ಕಾರ' ಕೂಡ ಹಿಡಿಸುವುದಿಲ್ಲ. ನಮ್ಮ ಸಭೆಗಳಿಗೆ ಇಂಥದೊಂದು ಯಂತ್ರ ಬಂದಿದ್ದರೆ ನಾಡು ಎಂದೋ ಉದ್ಧಾರವಾಗುತ್ತಿತ್ತು.

ಅಷ್ಟೇ ಜಾಗದಲ್ಲಿ ಪಿಟ್‌ಫಾಲ್ ಆಟದ ಹ್ಯಾರಿ ಎಂಬ ಹೀರೋ ಎಲ್ಲಿದ್ದಾನೆ, ನೆಗೆಯುತ್ತಿದ್ದಾನೋ ಜೋತಾಡುತ್ತಿದ್ದಾನೋ, ಅಂಕ ಎಷ್ಟು, ಗಡಿಯಾರ ಎಷ್ಟು, ಎಷ್ಟು ಜೀವ ಉಳಿದಿದೆ, ಮೊಸಳೆ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಲ್ಲವನ್ನೂ ಇಡಬೇಕು. ಆಟದ ಕೋಡು, ಚಿತ್ರ, ಸದ್ದು ಸೇರಿ ಕ್ಯಾಸೆಟ್ಟಿನಲ್ಲಿ ಸಿಗುವುದು 4 ಕಿಲೋಬೈಟ್. ಬೆಳಗೆದ್ದು ಸೋದರಮಾವ ವಾಟ್ಸ್ಆ್ಯಪ್‌ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯ ನೂರು ಕಿಲೋಬೈಟ್ ಇದ್ದರೆ, ಅದರೊಳಗೆ ಇಂಥ ಇಪ್ಪತ್ತೈದು ಆಟಗಳು ಕೂರುತ್ತವೆ.

ಇದು ಸಾಲದೆಂದು ಆ ಪೆಟ್ಟಿಗೆಯಲ್ಲಿ ಚಿತ್ರವನ್ನು ಮೊದಲೇ ಬರೆದಿಟ್ಟುಕೊಳ್ಳಲು ಜಾಗವೇ ಇರಲಿಲ್ಲ. ಟೀವಿಯೊಳಗಿನ ಕಿರಣ ಪರದೆಯ ಮೇಲೆ ಗೆರೆಯ ಕೆಳಗೆ ಗೆರೆ ಎಳೆಯುತ್ತ ಹೋದಂತೆ, ಪ್ರೋಗ್ರಾಮು ಅದರ ಜೊತೆಗೇ ಓಡುತ್ತ, ಈ ಗೆರೆಗೆ ಎಲೆ, ಮುಂದಿನ ಗೆರೆಗೆ ಕಾಂಡ, ಅದರ ಮುಂದಿನದಕ್ಕೆ ಹ್ಯಾರಿಯ ತಲೆ ಎಂದು ಒದಗಿಸುತ್ತಲೇ ಇರಬೇಕು. ಒಂದು ಗೆರೆಗೆ ಸಿಗುವುದು 76 ಸೈಕಲ್, ಅಂದರೆ ಪ್ರೊಸೆಸರಿನ 76 ಮಿಡಿತ. ಒಂದೊಂದು ಆದೇಶ ಎರಡರಿಂದ ಏಳು ಸೈಕಲ್ ತಿನ್ನುತ್ತದೆ. ಗುಣಾಕಾರಕ್ಕೆ ಆದೇಶವೇ ಇಲ್ಲ. ಬೇಕಿದ್ದರೆ ಕೂಡುತ್ತ ಕೂರಬೇಕು. ಲೆಕ್ಕ ಒಂದಿಷ್ಟು ತಪ್ಪಿದರೂ ಚಿತ್ರ ಕುಲುಕುತ್ತದೆ, ಹರಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು ಸರಿ. ಇಲ್ಲಿ ಹಾಸಿಗೆಯೂ ಇಲ್ಲ, ನಿಂತೇ ನಿದ್ದೆ ಮಾಡಬೇಕು.

ಈ ಪೆಟ್ಟಿಗೆಗೆ 1982ರಲ್ಲಿ ಪಿಟ್‌ಫಾಲ್ ಬರೆದವರು ಆ್ಯಕ್ಟಿವಿಷನ್ ಕಂಪನಿಯ ಡೇವಿಡ್ ಕ್ರೇನ್. ಅವರು ಹೇಳಿಕೊಂಡಿರುವ ಪ್ರಕಾರ, ಖಾಲಿ ಹಾಳೆಯ ಮೇಲೆ ಓಡುವ ಮನುಷ್ಯನೊಬ್ಬನನ್ನು ಗೀಚಿ, ಅವನು ಓಡಲು ದಾರಿ, ದಾರಿಗೆ ಕಾಡು, ಕಾಡಿನಲ್ಲಿ ಓಡುವುದಕ್ಕೊಂದು ಕಾರಣವಾಗಿ ನಿಧಿ, ಇಷ್ಟು ಹೊಳೆಯಲು ಹಿಡಿದದ್ದು ಹತ್ತು ನಿಮಿಷ. ಅದನ್ನು ಆಟವಾಗಿಸಲು ಹಿಡಿದದ್ದು ಸುಮಾರು ಸಾವಿರ ಗಂಟೆ.

ಇದನ್ನು ಕೇಳಿದರೆ ಪಂಡಿತ ಕುಣಿದಾಡುತ್ತಾನೆ. "ನೋಡಿ ಸಾರ್, ಕ್ರೇನ್‌ಗೂ ಹತ್ತು ನಿಮಿಷ, ನನಗೂ ಹತ್ತು ನಿಮಿಷ! ಆ ಸಾವಿರ ಗಂಟೆ ದಂಡ ತಾನೆ, ಅದನ್ನ ಯಂತ್ರ ಉಳಿಸ್ತು!"

ದಂಡವೇ? ಆ ಸಾವಿರ ಗಂಟೆಯಲ್ಲಿ ಏನಾಯಿತು ಎಂದು ಸ್ವಲ್ಪ ಇಣುಕೋಣ. ಕ್ರೇನ್‌ಗೆ ಬೇಕಾಗಿದ್ದುದು ಒಂದರ ಪಕ್ಕಕ್ಕೊಂದು ದೃಶ್ಯವಾಗಿ ಹರಡಿಕೊಂಡ ದೊಡ್ಡ ಕಾಡು. ಒಂದೊಂದು ದೃಶ್ಯವನ್ನೂ ಕ್ಯಾಸೆಟ್ಟಿನಲ್ಲಿ ಬರೆದಿಡಲು ಜಾಗ ಎಲ್ಲಿ? ಆಗ ಅವರು ಒಂದೇ ಒಂದು ಬೈಟನ್ನು ಹಿಡಿದುಕೊಂಡರು. ಅದರ ಎಂಟು ಬಿಟ್‌ಗಳನ್ನು ಒಂದು ಮನೆ ಸರಿಸಿ, ಖಾಲಿಯಾದ ಮನೆಗೆ ಹಳೆಯ ಬಿಟ್‌ಗಳಲ್ಲೇ ಕೆಲವನ್ನು ಕೂಡಿಸಿ ತುಂಬಿದರೆ ಮುಂದಿನ ದೃಶ್ಯದ ಸಂಖ್ಯೆ ಬರುತ್ತದೆ. ಹೀಗೆ ಸರಿಸುತ್ತ ಹೋದರೆ ಒಂದೂ ಮರುಕಳಿಸದೆ 255 ಸಂಖ್ಯೆಗಳು ಬಂದು, ಮತ್ತೆ ಮೊದಲಿನದಕ್ಕೆ ಮರಳುತ್ತದೆ. 256 ಏಕಲ್ಲ ಎಂದರೆ, ಸೊನ್ನೆಯೊಂದು ಬಂದುಬಿಟ್ಟರೆ ಅದು ಸೊನ್ನೆಯಾಗಿಯೇ ಉಳಿಯುತ್ತದೆ. ಕೆಲವು ಸಮಿತಿಗಳ ಹಾಗೆ. ಆಟಗಾರ ಎಡಕ್ಕೆ ಓಡಿದರೆ ಇದೇ ಲೆಕ್ಕವನ್ನು ಹಿಂದುಮುಂದಾಗಿ ನಡೆಸಿದರಾಯಿತು. ಆ ಬೈಟಿನ ಬಿಟ್‌ಗಳೇ ಇಲ್ಲಿ ಗುಂಡಿಯೋ, ಕೆರೆಯೋ, ಉರುಳುವ ದಿಮ್ಮಿಯೋ, ಮರಗಳು ಹೇಗೆ ನಿಂತಿವೆ ಎಂದು ತೀರ್ಮಾನಿಸುತ್ತವೆ. ಇಡೀ ಕಾಡು ಐವತ್ತು ಬೈಟಿಗೂ ಕಡಿಮೆ ಜಾಗದಲ್ಲಿ ಬೆಳೆದು ನಿಂತಿತು. ಹ್ಯಾರಿ ಜೋತಾಡುವ ಬಳ್ಳಿಯನ್ನು ಬರೆಯಲು, ಪೆಟ್ಟಿಗೆಯ ಚಿಪ್‌ನಲ್ಲಿ ಚೆಂಡಾಟಕ್ಕೆಂದು ಇಟ್ಟಿದ್ದ ಚೆಂಡನ್ನೇ ಗೆರೆಗೆರೆಗೂ ಅಷ್ಟಷ್ಟು ಪಕ್ಕಕ್ಕೆ ಸರಿಸಿದರು. ಕ್ರೇನ್ ಮೊದಲು ಹ್ಯಾರಿಗೆ ಒಂದೇ ಜೀವ ಕೊಟ್ಟಿದ್ದರಂತೆ. ಆಡಿ ನೋಡಿದ ಜೊತೆಗಾರರು ಗೋಗರೆದು ಅದನ್ನು ಮೂರಕ್ಕೆ ಏರಿಸಿದರು.

ಅಂದರೆ ಆ ಹತ್ತು ನಿಮಿಷದಲ್ಲಿ ಹೊಳೆದದ್ದು ಕಾಡೆಂಬ ಯೋಚನೆ ಮಾತ್ರ, ಈ 255 ದೃಶ್ಯಗಳ ಕಾಡು ಆಗ ಇರಲೇ ಇಲ್ಲ. ಜಾಗವಿಲ್ಲದ ಕಷ್ಟಕ್ಕೆ ಸಿಕ್ಕಿ, ಸಾವಿರ ಗಂಟೆಯ ಒಳಗೆ ಎಲ್ಲೋ ಅದು ಹುಟ್ಟಿಕೊಂಡಿತು. ಪಂಡಿತನ ಯಂತ್ರಕ್ಕೆ ಯಾವ ಕೊರತೆಯೂ ಇಲ್ಲ. ಹಾಗಾಗಿ ಕಾಡು ಕೇಳಿದವರಿಗೆಲ್ಲ ಅದೇ ಕಾಡು, ಅದೇ ಹಸಿರು ಹಿನ್ನೆಲೆ, ಅದೇ ಕಂದು ಮರ, ಅದೇ 'ಸ್ಪೇಸ್ ಒತ್ತಿ ನೆಗೆಯಿರಿ'. ಮೂರನೇ ದಿನ ಆಡಲು ಬರೆಸಿದವನಿಗೇ ಬೇಜಾರು.

ಸರಿ, ಅಜ್ಜನ ಷರತ್ತಿಗೆ ಒಪ್ಪಿ ಪಂಡಿತ ಅದೇ ಹಳೇ ಪೆಟ್ಟಿಗೆಗೆ ಆಟ ಬರೆಸಲು ಕೂತ ಎಂದಿಟ್ಟುಕೊಳ್ಳಿ. ಸಂಭಾಷಣೆ ಸುಮಾರಾಗಿ ಹೀಗೆ ಸಾಗುತ್ತದೆ:

"ಒಂದು ಗೆರೆಗೆ 76 ಸೈಕಲ್ ಮೀರಬಾರದು."

"ಖಂಡಿತ! ಇಗೋ, ಸರಿಯಾಗಿ 76 ಸೈಕಲ್."

"ಎಣಿಸಿದರೆ 83 ಬರ್ತಿದೆ."

"ನೀವು ಹೇಳಿದ್ದು ನೂರಕ್ಕೆ ನೂರು ಸರಿ! ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದೀರಿ! ಈಗ ಸರಿಪಡಿಸಿದ್ದೇನೆ."

"ಈಗ 91."

"ಕ್ಷಮಿಸಿ. ಸಮಸ್ಯೆಯ ಮೂಲ ಸಿಕ್ಕಿದೆ. ಈಗ ಎಲ್ಲ ಪರೀಕ್ಷೆಗಳೂ ಪಾಸಾಗಿವೆ."

"ಮೊಸಳೆ ಎಲ್ಲಿ?"

"ಮೊಸಳೆಯನ್ನು ತೆಗೆದಿದ್ದೇನೆ. ಅದರಿಂದಲೇ ತಡವಾಗುತ್ತಿತ್ತು."

"ಮೊಸಳೆ ಇದೆಯಾ ಅಂತ ಒಂದು ಪರೀಕ್ಷೆ ಇತ್ತಲ್ಲ?"

"ಅದನ್ನೂ ತೆಗೆದಿದ್ದೇನೆ."

ಇಷ್ಟು ವಿನಯ, ಇಷ್ಟು ವೇಗ, ಇಷ್ಟು ಹೊಗಳಿಕೆ ಒಟ್ಟಿಗೆ ಸಿಗುವುದು ಚುನಾವಣೆಗೆ ಮುಂಚಿನ ತಿಂಗಳಲ್ಲಿ ಮಾತ್ರ.

ಹಳೇ ಪೆಟ್ಟಿಗೆಯೂ ಹೊಸ ಯಂತ್ರವೂ ನೇರವಾಗಿ ಎದುರುಬದುರಾದದ್ದೂ ಉಂಟು. 2025ರ ಜೂನ್‌ನಲ್ಲಿ ಅಮೆರಿಕದ ಎಂಜಿನಿಯರ್ ಒಬ್ಬರು ಅಟಾರಿ 2600ರ ವಿಡಿಯೊ ಚೆಸ್ ಆಟವನ್ನು ಹಳೇ ಪೆಟ್ಟಿಗೆಯನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ ಓಡಿಸಿ, ಚಾಟ್‌ಜಿಪಿಟಿಯನ್ನು ಎದುರಿಗೆ ಕೂರಿಸಿದರು. 1979ರ ಆಟ, ಅದೂ ಹೊಸಬರಿಗೆಂದು ಇಟ್ಟ ಹಂತ, ಒಂದೆರಡು ನಡೆಯಾಚೆಗೆ ಯೋಚಿಸಲು ಬಾರದ 128 ಬೈಟಿನ ಬಡವ. ಆದರೂ ಸೋತದ್ದು ಚಾಟ್‌ಜಿಪಿಟಿ. ಆನೆಯನ್ನು ಒಂಟೆ ಎಂದು ತಿಳಿಯಿತು, ಕಾಯಿ ಎಲ್ಲಿದೆ ಎಂಬುದನ್ನೇ ಮರೆಯಿತು, ಸಾಲದ್ದಕ್ಕೆ ಅಟಾರಿಯ ಕಾಯಿಗಳ ಚಿತ್ರವೇ ಸ್ಪಷ್ಟವಾಗಿಲ್ಲ ಎಂದು ದೂರಿತು. ಮಾಮೂಲಿ ಚದುರಂಗದ ಗುರುತುಗಳನ್ನು ಕೊಟ್ಟರೂ ಆಟ ಸುಧಾರಿಸಲಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಮನುಷ್ಯರ ಬರಹವನ್ನೆಲ್ಲ ಓದಿ ಕಲಿತ ಯಂತ್ರ ನಮ್ಮ ಬುದ್ಧಿ ಕಲಿಯಿತೋ ಇಲ್ಲವೋ, ನೆಪವನ್ನಂತೂ ಚೆನ್ನಾಗಿ ಕಲಿತಿದೆ.

ಚದುರಂಗ ಆಡುವುದು ಬೇರೆ, ಕೋಡ್ ಬರೆಯುವುದು ಬೇರೆ ಎನ್ನುತ್ತೀರಿ. ಒಪ್ಪಿದೆ. ಅದೇ ವರ್ಷ ಮೀಟರ್ ಎಂಬ ಸಂಶೋಧನಾ ಸಂಸ್ಥೆ ಹದಿನಾರು ಮಂದಿ ಪಳಗಿದ ಪ್ರೋಗ್ರಾಮರ್‌ಗಳಿಗೆ, ಅವರದೇ ಪರಿಚಿತ ಪ್ರಾಜೆಕ್ಟುಗಳ 246 ಕೆಲಸ ಕೊಟ್ಟು ನೋಡಿತು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವಂತಿಲ್ಲ. ಎಐ ಇದ್ದರೆ ಶೇ 24ರಷ್ಟು ಸಮಯ ಉಳಿಯುತ್ತದೆ ಎಂದು ಅವರು ಮೊದಲೇ ಅಂದಾಜಿಸಿದ್ದರು. ಕೆಲಸ ಮುಗಿದ ಮೇಲೆ ಕೇಳಿದಾಗ ಶೇ 20 ಉಳಿಯಿತು ಎಂದರು. ಗಡಿಯಾರ ಹೇಳಿದ್ದೇನೆಂದರೆ, ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾಯಲಾರದೆ ಒಳರಸ್ತೆಗೆ ನುಗ್ಗುವ ಬೈಕಿನವನಿಗೂ ಹೀಗೇ ಅನಿಸುತ್ತದೆ. ಅವನು ನಾಲ್ಕು ಗಲ್ಲಿ, ಎರಡು ಹಂಪು, ಒಂದು ನೀರಿನ ಟ್ಯಾಂಕರು ದಾಟಿ ಮುಖ್ಯರಸ್ತೆಗೆ ಬಂದಾಗ, ಸಿಗ್ನಲ್ಲಿನಲ್ಲಿ ನಿಂತಿದ್ದ ಬಸ್ಸು ಮುಂದೆ ಹೋಗಿರುತ್ತದೆ. ಆದರೂ ಅವನು ಮೀಸೆ ತಿರುವುತ್ತಾನೆ, ಏಕೆಂದರೆ ಅವನ ಚಕ್ರ ಒಮ್ಮೆಯೂ ನಿಂತಿರಲಿಲ್ಲ. ಇದು ಹಳಬರ ಮೇಲೆ, ಆ ವರ್ಷದ ಆರಂಭದ ಸಲಕರಣೆಗಳ ಮೇಲೆ ನಡೆದ ಪರೀಕ್ಷೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಇದೇ ಲೆಕ್ಕ ಎನ್ನಲಾಗದು. ಯಂತ್ರ ದಿನೇದಿನೇ ಚುರುಕಾಗುತ್ತಿದೆ. ಅನಿಸಿಕೆಗೂ ಗಡಿಯಾರಕ್ಕೂ ನಡುವಿನ ಈ ಕಂದಕ ಮಾತ್ರ ಯಂತ್ರದ್ದಲ್ಲ, ನಮ್ಮದು.

ಇಷ್ಟು ಹೊತ್ತಿಗೆ ಅಸೆಂಬ್ಲಿ ಅಜ್ಜ ಎದೆಯುಬ್ಬಿಸಿ ಕೂತಿರುತ್ತಾನೆ. ಅವನ ಗಾಳಿಯನ್ನೂ ಸ್ವಲ್ಪ ತೆಗೆಯಬೇಕು. ಪಿಟ್‌ಫಾಲ್ ಬಂದ ಅದೇ 1982ರಲ್ಲಿ, ಅದೇ ಪೆಟ್ಟಿಗೆಗೆ, ಹೊವರ್ಡ್ ಸ್ಕಾಟ್ ವಾರ್ಶಾ ಎಂಬ ಮನುಷ್ಯನೇ, ಕೈಯಾರೆ, ಅಸೆಂಬ್ಲಿಯಲ್ಲೇ ಇ.ಟಿ. ಎಂಬ ಆಟ ಬರೆದರು. ಸ್ಪೀಲ್‌ಬರ್ಗ್ ಸಿನಿಮಾದ ಹೆಸರಿನ ಆಟ ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿರಬೇಕು ಎಂದು ಕಂಪನಿ ಅವರಿಗೆ ಕೊಟ್ಟ ಕಾಲ ಐದು ವಾರ. ವಾರ್ಶಾ ಸಾಮಾನ್ಯರಲ್ಲ, ಅದಕ್ಕೆ ಮೊದಲು ಯಾರ್ಸ್ ರಿವೆಂಜ್ ಎಂಬ ಮೆಚ್ಚುಗೆಯ ಆಟ ಕೊಟ್ಟವರು. ಆದರೆ ಐದು ವಾರದ ಇ.ಟಿ.ಯಲ್ಲಿ ಆಟಗಾರರು ಕಂಡದ್ದು ಬರೀ ಗುಂಡಿ. ಹೆಜ್ಜೆಗೊಂದು ಗುಂಡಿಗೆ ಬೀಳುವುದು, ಕತ್ತು ಚಾಚಿ ಮೇಲೇಳುವುದು, ಮತ್ತೆ ಬೀಳುವುದು. ಬೆಂಗಳೂರಿನವರಾದರೆ ದುಡ್ಡು ಕೊಟ್ಟು ಆಡಬೇಕಾಗಿಯೇ ಇಲ್ಲ. ಮಾರಾಟವಾಗದೆ ಉಳಿದ ಕ್ಯಾಸೆಟ್ಟುಗಳನ್ನು ಅಟಾರಿ 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಊರಿನ ಕಸದ ಗುಂಡಿಗೇ ಸುರಿಯಿತು. 2014ರಲ್ಲಿ ಅಗೆದು ನೋಡಿದಾಗ ಅವು ಸಿಕ್ಕವು ಕೂಡ.

ಹಾಗಾಗಿ ಮನುಷ್ಯ ಬರೆದದ್ದೆಲ್ಲ ಅಮೃತ ಎಂಬ ಅಜ್ಜನ ವಾದ ನಿಲ್ಲುವುದಿಲ್ಲ. ಒಂದೇ ವರ್ಷ, ಒಂದೇ ಪೆಟ್ಟಿಗೆ, ಇಬ್ಬರೂ ಪ್ರತಿಭಾವಂತರು. ಒಬ್ಬರಿಗೆ ಆಟ ಹದವಾಗುವ ತನಕ ಕೆಲಸ ಮಾಡಲು ಬಿಟ್ಟರು, ಇನ್ನೊಬ್ಬರ ಕತ್ತಿಗೆ ಕ್ಯಾಲೆಂಡರ್ ಕಟ್ಟಿದರು. ಸಾವಿರ ಗಂಟೆಯನ್ನು ದಂಡ ಎಂದು ಮೊದಲು ತೀರ್ಮಾನಿಸಿದ್ದು ಎಐ ಅಲ್ಲ, ಮ್ಯಾನೇಜರು. ಅವನ ಆ ಹಳೆಯ ಆಸೆಗೆ ಈಗ ತಕ್ಕ ಯಂತ್ರ ಸಿಕ್ಕಿದೆ, ಅಷ್ಟೇ.

ಇನ್ನು ಹೆಸರಿನ ವಿಚಾರ. ಎಪ್ಪತ್ತರ ದಶಕದ ಅಟಾರಿಯಲ್ಲಿ ಆಟ ಬರೆದವರ ಹೆಸರು ಡಬ್ಬದ ಮೇಲೆ ಇರುತ್ತಿರಲಿಲ್ಲ. ಕ್ರೇನ್ ಮತ್ತು ಮೂವರು ಸಂಗಾತಿಗಳು ಹೋಗಿ ಹೆಸರು, ಪಾಲು ಕೇಳಿದರೆ, ಕ್ಯಾಸೆಟ್ ಜೋಡಿಸುವ ಕೆಲಸಗಾರನಿಗಿಂತ ನೀವೇನೂ ಹೆಚ್ಚಲ್ಲ ಎಂಬ ಉತ್ತರ ಬಂತೆಂದು ಕ್ರೇನ್ ಹೇಳಿದ್ದಾರೆ. ನಾಲ್ವರೂ ಹೊರಬಿದ್ದು 1979ರಲ್ಲಿ ಆ್ಯಕ್ಟಿವಿಷನ್ ಕಟ್ಟಿದರು. ಅಲ್ಲಿ ಬರೆದವರ ಹೆಸರು ಡಬ್ಬದ ಮೇಲೇ ಬಂತು. ಅಟಾರಿಯಲ್ಲೇ ಇದ್ದ ವಾರೆನ್ ರಾಬಿನೆಟ್ ಇನ್ನೊಂದು ದಾರಿ ಹಿಡಿದರು. ತಮ್ಮ ಅಡ್ವೆಂಚರ್ ಆಟದಲ್ಲಿ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಮಾಡಿ, ಇದನ್ನು ಮಾಡಿದವನು ನಾನು ಎಂದು ಅಲ್ಲಿ ಹೆಸರು ಬರೆದಿಟ್ಟು, ಕೆಲಸ ಬಿಟ್ಟು ಹೋದರು. ಹುಡುಗನೊಬ್ಬ ಅದನ್ನು ಕಂಡುಹಿಡಿದು ಪತ್ರ ಬರೆದಾಗಲೇ ಕಂಪನಿಗೆ ತಿಳಿದದ್ದು.

ಈಗ ಕಾಲ ತಿರುಗಿದೆ. ಆಗ ಬರೆದವನಿಗೆ ಹೆಸರಿರಲಿಲ್ಲ. ಈಗ ಹೆಸರು ಹಾಕಿಕೊಂಡವನು ಬರೆದಿಲ್ಲ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಎಂಬ ಕೋಡ್ ಬರೆಯುವ ಎಐ ಹೊಸದಾಗಿ ಬಂದಾಗ, ಒಂದು ಸಾಲು ಕೊಟ್ಟರೆ ಕ್ವೇಕ್ 3 ಆಟದ ಪ್ರಸಿದ್ಧ ವಿಲೋಮ ವರ್ಗಮೂಲದ ಕೋಡನ್ನು ಇದ್ದಹಾಗೇ ಉಗುಳಿತು. ಮೂಲದವರು ಬರೆದಿದ್ದ ಬೈಗುಳದ ಟಿಪ್ಪಣಿಯನ್ನೂ ಬಿಡಲಿಲ್ಲ. ಮೂಲದ ಹಕ್ಕುಪತ್ರವನ್ನು ಮಾತ್ರ ಬಿಟ್ಟು, ತಲೆಗೆ ಬೇರೆಯದೇ ಹಕ್ಕುಪತ್ರ ಅಂಟಿಸಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅಜ್ಜ ನಗಬೇಕಾಗಿಲ್ಲ: ಆ ಕೋಡು ಕ್ವೇಕ್ ಆಟದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅವರದೇ ಎಂದು ಮನುಷ್ಯರೂ ವರ್ಷಗಟ್ಟಲೆ ನಂಬಿದ್ದರು. ಅದು ನನ್ನದಲ್ಲ ಎಂದು ಅವರೇ ಹೇಳಬೇಕಾಯಿತು. ಹಾಗೆ ಹೇಳುವವರು ಈಗ ಎಷ್ಟು ಮಂದಿ ಸಿಗುತ್ತಾರೆ?

ಕೋಡ್ ಇದೆ ಎನ್ನುವುದನ್ನೇ ಮರೆತು, ಬಂದದ್ದನ್ನೆಲ್ಲ ಒಪ್ಪಿಕೊಂಡು ಸಾಗುವ ಈ ಹೊಸ ಪದ್ಧತಿಗೆ 2025ರ ಫೆಬ್ರವರಿಯಲ್ಲಿ ಎಐ ತಜ್ಞ ಆಂದ್ರೇ ಕಾರ್ಪತಿ 'ವೈಬ್ ಕೋಡಿಂಗ್' ಎಂದು ಹೆಸರಿಟ್ಟರು. ವಾರಾಂತ್ಯದಲ್ಲಿ ಮಾಡಿ ಬಿಸಾಡುವ ಕೆಲಸಕ್ಕೆ ಪರವಾಗಿಲ್ಲ ಎಂದೂ ಅವರೇ ಸೇರಿಸಿದ್ದರು. ಕೇಳಿಸಿಕೊಂಡವರು ವಾರಾಂತ್ಯವನ್ನು ಬಿಟ್ಟರು, ಬಿಸಾಡುವುದನ್ನು ಬಿಟ್ಟರು, ಉಳಿದದ್ದನ್ನು ಸೋಮವಾರ ಗ್ರಾಹಕನಿಗೆ ಕಳಿಸಿದರು.

ಯಂತ್ರದಿಂದ ಉಪಯೋಗವೇ ಇಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಹಳೇ ಕ್ಯಾಸೆಟ್ಟಿನ ಕೋಡನ್ನು ಮುಂದಿಟ್ಟು, ಇಲ್ಲಿ ಏನಾಗುತ್ತಿದೆ ಎಂದು ಕೇಳಿದರೆ ಅದು ಸಮಾಧಾನವಾಗಿ ಬಿಡಿಸಿ ಹೇಳುತ್ತದೆ. ಗುರುವಿಲ್ಲದ ಊರಿನ ಹುಡುಗಿಗೆ ಅಷ್ಟು ಸಿಕ್ಕರೆ ದೊಡ್ಡದು. ಆದರೆ ಯಂತ್ರ ಹೇಳಿದ್ದು ಸರಿಯೇ ಎಂದು ಅವಳು ಎಣಿಸಿ ನೋಡಬೇಕು, ತಪ್ಪಿದ್ದಲ್ಲಿ ಜಗಳವಾಡಬೇಕು, ಮೊಸಳೆ ಮಾಯವಾದರೆ ಗಮನಿಸಬೇಕು. ಅಂದರೆ ಸಾವಿರ ಗಂಟೆಯಲ್ಲಿ ಒಂದಿಷ್ಟನ್ನಾದರೂ ಅವಳೇ ಕಳೆಯಬೇಕು. ಕ್ರೇನ್ ಕಳೆದ ಸಾವಿರ ಗಂಟೆಯಲ್ಲಿ ತಯಾರಾದದ್ದು ಎರಡು: ಒಂದು ಆಟ, ಮತ್ತು ಆ ಆಟದ ಯಾವ ಬೈಟನ್ನು ತೋರಿಸಿದರೂ ಇದು ಇಲ್ಲಿ ಏಕಿದೆ ಎಂದು ಹೇಳಬಲ್ಲ ಒಬ್ಬ ಮನುಷ್ಯ. ಹತ್ತು ನಿಮಿಷದಲ್ಲಿ ಆಟವೇನೋ ತಯಾರಾಗುತ್ತದೆ. ಆ ಎರಡನೆಯದು ತಯಾರಾಗುವುದಿಲ್ಲ. ಆಟ ಕೆಟ್ಟ ದಿನ ಬೇಕಾಗುವುದು ಅದೇ.

ಅದಕ್ಕೇ ಕಂಪನಿಗಳು ಮುಂದೆ ತರುವ ಆಟಗಳ ಡಬ್ಬದ ಮೇಲೆ ಕಾಯಂ ಆಗಿ ಅಚ್ಚು ಹಾಕಲು ಒಂದು ಒಕ್ಕಣೆ ಸಿದ್ಧಪಡಿಸಿದ್ದೇನೆ, ಉಚಿತವಾಗಿ ಬಳಸಿಕೊಳ್ಳಬಹುದು. ಬೆವರು: ಹಿಂದಿನವರದು. ಬರವಣಿಗೆ: ಯಂತ್ರದ್ದು. ಹೆಸರು: ನಮ್ಮದು. ಗುಂಡಿಗೆ ಬಿದ್ದರೆ: ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಗುಂಡಿಯ ಪರೀಕ್ಷೆಯನ್ನು ತೆಗೆದಿದ್ದೇವೆ.